ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವ ಮುನ್ನ

ದಾವಣಗೆರೆಯಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ ನಾನು. ವಿಚ್ಛೇದನಕ್ಕೆಂದು ಬರುವವರು ಮೊದಲು ಕೇಳುವುದು, ‘ಮೇಡಂ, ಯಾವುದು ಬೇಗ ಮುಗಿಯುತ್ತದೆ?’ ಎಂದು. ಪರಸ್ಪರ ಒಪ್ಪಿಗೆಯದು ಬೇಗ ಮುಗಿಯುತ್ತದೆ, ನಿಜ. ಆದರೆ ಬಂದವರನ್ನೆಲ್ಲ ಆ ದಾರಿಗೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪ್ರಕಾರ ಗಂಡ ಹೆಂಡತಿ ಒಂದು ವರ್ಷವಾದರೂ ಬೇರೆಯಾಗಿ ಬದುಕಿರಬೇಕು. ಜಂಟಿ ಅರ್ಜಿ ಹಾಕಿ, ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ ಮತ್ತೆ ಇಬ್ಬರೂ ಬಂದು ಮನಸ್ಸು ಬದಲಾಗಿಲ್ಲ ಎನ್ನಬೇಕು. ಸಂಧಾನ ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ಆ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅಪಾಯವಿರುವುದು ನಡುವಿನ ಅವಧಿಯಲ್ಲಿ. ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ, ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಹಾಗಾಗಿ ನಾನು ಮೊದಲು ಕೇಳುವುದು ಇಷ್ಟು: ಎದುರಿನವರು ಮಾತಿಗೆ ನಿಲ್ಲುವವರೇ?

ಚನ್ನಗಿರಿ ಕಡೆಯ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ ಹಿರಿಯರು ಕೂತು ಎಲ್ಲ ಮಾತಾಡಿ ಮುಗಿಸಿದ್ದರು. ಪರಿಹಾರದ ಹಣ ಮಾತ್ರ ‘ಡಿಕ್ರಿ ಆದ ಮೇಲೆ’. ಈ ಮೂರು ಪದಗಳಿಗೆ ನಾನು ಎಂದೂ ಸಹಿ ಹಾಕಿಸುವುದಿಲ್ಲ. ಒಂದು ಪಾಲು ಅರ್ಜಿ ಹಾಕುವ ದಿನ, ಉಳಿದದ್ದು ಕೊನೆಯ ಹೇಳಿಕೆಯ ದಿನ ನ್ಯಾಯಾಧೀಶರ ಎದುರಿನಲ್ಲೇ ಡಿ.ಡಿ. ರೂಪದಲ್ಲಿ ಎಂದು ಬರೆಸಿದೆವು. ಒಡವೆಗಳನ್ನು ಒಂದೊಂದಾಗಿ, ತೂಕದ ಸಮೇತ ಪಟ್ಟಿ ಮಾಡಿದೆವು. ಮಗುವಿನ ಖರ್ಚನ್ನು ತಾಯಿಯ ಪರಿಹಾರದೊಳಗೆ ಸೇರಿಸಲು ಬಿಡಲಿಲ್ಲ. ಅದು ಮಗುವಿನ ಹಕ್ಕು, ಚೌಕಾಸಿಗೆ ಇಡುವಂಥದ್ದಲ್ಲ.

ಹೊಡೆತ, ಬೆದರಿಕೆ ಇದ್ದಲ್ಲಿ, ಆದಾಯ ಮುಚ್ಚಿಡುವಲ್ಲಿ ಒಪ್ಪಿಗೆಯ ಮಾತೇ ಬೇಡ. ಅಡಿಕೆ ತೋಟದ ಫಸಲು ಪ್ರತಿವರ್ಷ ಮಂಡಿಗೆ ಹೋಗುತ್ತಿರುತ್ತದೆ, ಪಹಣಿ ಮಾತ್ರ ತಂದೆಯ ಹೆಸರಿನಲ್ಲಿ. ಗಂಡ ‘ನನಗೇನೂ ಇಲ್ಲ’ ಎನ್ನುತ್ತಾನೆ. ಇಂಥವರು ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಕ್ರೌರ್ಯ ಅಥವಾ ಎರಡು ವರ್ಷದ ಪರಿತ್ಯಾಗದ ಆಧಾರದ ಮೇಲೆ 13ನೇ ಕಲಮಿನಡಿ ಹೋರಾಡಿದರೆ ಸಾಕ್ಷ್ಯ, ಪಾಟಿ ಸವಾಲು ಎಂದು ವರ್ಷಗಳು ಹಿಡಿಯುತ್ತವೆ. ಆ ವರ್ಷಗಳಲ್ಲಿ ಅವಳು ಊಟ ಮಾಡಬೇಕಲ್ಲ! ಅದಕ್ಕೇ 24ನೇ ಕಲಮಿನ ಮಧ್ಯಂತರ ಜೀವನಾಂಶದ ಅರ್ಜಿಯನ್ನು ಜೊತೆಗೇ ಹಾಕುತ್ತೇನೆ. ಪ್ರಾಣಭಯವಿದ್ದರೆ ಎಲ್ಲಕ್ಕಿಂತ ಮೊದಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ.

ನಮ್ಮ ಭಾಗದಲ್ಲಿ ಹಿರಿಯರ ಪಂಚಾಯಿತಿಗೂ ಸಿರಿಗೆರೆಯ ತರಳಬಾಳು ಮಠದ ನ್ಯಾಯಪೀಠಕ್ಕೂ ಜನ ಗೌರವದಿಂದ ಹೋಗುತ್ತಾರೆ. ಅಲ್ಲಿ ಮನಸ್ಸುಗಳು ತಿಳಿಯಾದರೆ ನನಗೂ ಸಂತೋಷವೇ, ಒಪ್ಪಂದದ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ. ಆದರೆ ಛಾಪಾ ಕಾಗದದ ಮೇಲೆ ಬರೆದ ಬಿಡುಗಡೆ ಪತ್ರದಿಂದ ಮದುವೆ ರದ್ದಾಗುವುದಿಲ್ಲ. ‘ನಮ್ಮಲ್ಲಿ ಹಿಂದಿನಿಂದ ಹೀಗೇ’ ಎನ್ನುವವರು ಆ ಪದ್ಧತಿಯನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕು, ಅದು ಸುಲಭವಲ್ಲ. ಅಂಥ ಕಾಗದವನ್ನು ನಂಬಿ ಮರುಮದುವೆಯಾದವರ ಸಂಕಟ ನೋಡಲಾಗುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಮದುವೆಯ ಕರೆಯೋಲೆ, ಫೋಟೊ, ಒಡವೆಯ ರಸೀದಿಗಳನ್ನು ತೆಗೆದುಕೊಂಡು ಹೋಗಿ.