ಮಲ್ಲೇಶ್ವರ ಅನ್ನಲಾಗದೆ ಯಶವಂತಪುರದ ಟಿಕೆಟ್

ಉಗ್ಗು ಇರುವ ಎಷ್ಟೋ ಜನ ಎದುರಿನವರಿಗೆ ಗೊತ್ತೇ ಆಗದಂತೆ ವರ್ಷಗಟ್ಟಲೆ ಸಂಭಾಳಿಸಿಕೊಂಡು ಹೋಗುತ್ತಾರೆ. ‘ಮ’ ಸಿಕ್ಕಿಕೊಳ್ಳುತ್ತದೆ ಅಂತ ಮಸಾಲೆ ದೋಸೆ ಬಿಟ್ಟು ಇಡ್ಲಿ ಹೇಳುವುದು, ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಯಶವಂತಪುರಕ್ಕೆ ಟಿಕೆಟ್ ತೆಗೆದುಕೊಂಡು ಮಲ್ಲೇಶ್ವರದಲ್ಲೇ ಇಳಿಯುವುದು. ಊರಿಗೆ, ತಿಂಡಿಗೆ ಬದಲಿ ಪದ ಸಿಗುತ್ತದೆ. ಸ್ವಂತ ಹೆಸರಿಗೆ ಸಿಗುವುದಿಲ್ಲ. ‘ನಿಮ್ಮ ಹೆಸರೇನು?’ ಅಂದಾಗಲೇ ಬಹಳ ಜನರ ಬಾಯಿ ಕಟ್ಟುವುದು ಅದಕ್ಕೆ.

ಉಗ್ಗು ಹೆದರಿಕೆಯಿಂದ ಹುಟ್ಟಿದ್ದಲ್ಲ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ, ಅನುವಂಶೀಯತೆಯ ಪಾಲೂ ಇದೆ. ಬಹುಪಾಲು ಮಕ್ಕಳಲ್ಲಿ ಹೋಗಿಬಿಡುತ್ತದೆ, ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಉಳಿಯುತ್ತದೆ. (ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಹೋಗುವಂಥದ್ದಲ್ಲ.) ಹೆದರಿಕೆ ಸೇರಿಕೊಳ್ಳುವುದು ಆಮೇಲೆ, ಮುಚ್ಚಿಡಲು ಹೊರಟಾಗ. ತುಟಿ ಬಿಗಿಯುತ್ತದೆ, ಬಿಗಿದಷ್ಟೂ ‘ಮ’ ಹೊರಗೆ ಬರುವುದಿಲ್ಲ.

ಇದನ್ನು ಬಿಡಿಸಲು ವಾಕ್ ಚಿಕಿತ್ಸೆಯಲ್ಲಿ ಒಂದು ತಮಾಷೆಯ ಅಭ್ಯಾಸವಿದೆ: ಬೇಕಂತಲೇ ಉಗ್ಗುವುದು. ಕಷ್ಟವಿಲ್ಲದ ಪದವನ್ನೇ ಆರಿಸಿಕೊಂಡು ‘ಅ-ಅ-ಅರ್ಧ ಲೀಟರ್ ಹಾಲು’ ಅನ್ನಬೇಕು. ಮೊದಲು ಕನ್ನಡಿ ಮುಂದೆ, ಆಮೇಲೆ ಮನೆಯವರೊಂದಿಗೆ, ಆಮೇಲೆ ಅಂಗಡಿಯಲ್ಲಿ. ದವಡೆ ಸಡಿಲವಾಗಿರಲಿ, ಕಣ್ಣು ಎದುರಿನವರ ಮುಖದ ಮೇಲೇ ಇರಲಿ. ಕೆಡುವುದು ಅವಸರದಲ್ಲಿ. ಬೇಗ ಮುಗಿಸಲು ಹೋದರೆ ನಟನೆಯ ಉಗ್ಗು ನಿಜವಾದ ಉಗ್ಗಾಗಿ ಸಿಕ್ಕಿಕೊಳ್ಳುತ್ತದೆ. ಹಾಗಾದರೆ ಆ ಪದವನ್ನು ಹೇಗೋ ಮುಗಿಸಿ, ಮೂರು ಸೆಕೆಂಡ್ ನಿಂತು, ಅದನ್ನೇ ಸಡಿಲವಾಗಿ ಇನ್ನೊಮ್ಮೆ ಹೇಳಬೇಕು. ಈ ಎರಡನೇ ಉಪಾಯವನ್ನು ಬಳಕೆಗೆ ತಂದ ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಸ್ವತಃ ಉಗ್ಗುತ್ತಿದ್ದವರು. ಉಗ್ಗು ಬಲವಾಗಿದ್ದರೆ ಒಬ್ಬರೇ ಹೆಣಗುವ ಬದಲು ವಾಕ್ ಚಿಕಿತ್ಸಕರ ಜೊತೆ ಮಾಡುವುದು ಮೇಲು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸೆ ಸಿಗುತ್ತದೆ.

ಸಂದರ್ಶನಕ್ಕೆ ಹೋದಾಗ ಮೊದಲೇ ‘ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಹಿಡಿಯುತ್ತೆ’ ಅಂದುಬಿಟ್ಟರೆ ಅರ್ಧ ಬಿಗಿತ ಅಲ್ಲೇ ಇಳಿಯುತ್ತದೆ. ಕೇಳಿದವರು ನಕ್ಕರೂ ನಗಬಹುದು. ಆ ನಗುವಿನಲ್ಲಿ ಹಲವು ಸಲ ಲೇವಡಿಗಿಂತ ಏನು ಮಾಡಬೇಕೆಂದು ತೋಚದ ಮುಜುಗರವೇ ಹೆಚ್ಚು.

ಕೇಳುವವರು ಮಾಡುವ ದೊಡ್ಡ ತಪ್ಪು ಪದ ಎತ್ತಿಕೊಡುವುದು. ಊಹಿಸಿದ ಪದ ತಪ್ಪಾಗಿದ್ದರೆ ಉಗ್ಗುವವರು ‘ಅದಲ್ಲ’ ಅಂತಲೂ ಹೇಳಬೇಕು, ತಮ್ಮ ಪದವನ್ನೂ ಮತ್ತೆ ಶುರು ಮಾಡಬೇಕು. ‘ನಿಧಾನ, ಉಸಿರು ತಗೊಂಡು ಹೇಳು’ ಅನ್ನುವುದೂ ಬೇಡ, ಗಮನವೆಲ್ಲ ಮತ್ತೆ ಬಾಯಿಯ ಮೇಲೆ ಹೋಗುತ್ತದೆ. ಫೋನ್‌ನಲ್ಲಂತೂ ಮೌನ ಕೇಳಿಸಿದ ಕೂಡಲೇ ‘ಹಲೋ, ಹಲೋ’ ಅಂದು ಕಟ್ ಮಾಡಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ, ಅಷ್ಟರಲ್ಲಿ ಹೆಸರು ಬಂದಿರುತ್ತದೆ.