ಜೋಡಿ ಪದಗಳಲ್ಲಿ ಮೊದಲನೆಯದನ್ನು ಎಲ್ಲಿಡಬೇಕು?

ಸಂಜೆ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವ ಹತ್ತನೇ ತರಗತಿ ಮಕ್ಕಳಿಗೆ ಜೋಡಿಗಳೆಲ್ಲ ಬಾಯಿಪಾಠ. 'ಈದರ್' ಅಂದರೆ 'ಆರ್', 'ನೀದರ್' ಅಂದರೆ 'ನಾರ್', 'ನಾಟ್ ಓನ್ಲಿ' ಅಂದರೆ 'ಬಟ್ ಆಲ್ಸೋ'. ಬಿಟ್ಟ ಸ್ಥಳ ತುಂಬುವುದರಲ್ಲಿ ಯಾರೂ ಎಡವುವುದಿಲ್ಲ. ಸ್ವಂತ ವಾಕ್ಯ ಬರೆಯಿರಿ ಅಂದಾಗ ತೊಂದರೆ ಶುರು.

ಜಾಸ್ತಿ ಕಾಣುವುದು ಇದು: 'ನೀದರ್ ರವಿ ನಾರ್ ಗೀತಾ ಡಿಡ್ ನಾಟ್ ಕಮ್.' ಮಕ್ಕಳು ಸುಮ್ನೆ ಏನೋ ಒಂದು ಬರೆದದ್ದಲ್ಲ ಇದು. 'ರವಿಯಾಗಲಿ ಗೀತಾ ಆಗಲಿ ಬರಲಿಲ್ಲ' ಅನ್ನುವುದು ನಮ್ಮ ರೂಢಿ. ಕನ್ನಡದಲ್ಲಿ 'ಇಲ್ಲ' ಬರುವುದು ಕೊನೆಗೆ, ಕ್ರಿಯಾಪದದ ಜೊತೆ. ಇಂಗ್ಲಿಷಿನಲ್ಲಿ ಆ 'ಇಲ್ಲ' 'ನೀದರ್' ಒಳಗೇ ಬಂದುಬಿಟ್ಟಿದೆ. ಮತ್ತೆ 'ನಾಟ್' ಯಾಕೆ? 'ನೀದರ್ ರವಿ ನಾರ್ ಗೀತಾ ಕೇಮ್' ಅಂದರೆ ಮುಗಿಯಿತು.

ಇದಕ್ಕಿಂತ ನನಗೆ ಮುಖ್ಯ ಅನಿಸುವುದು ಜಾಗದ ವಿಷಯ. 'ಹಿ ನಾಟ್ ಓನ್ಲಿ ಸ್ಪೀಕ್ಸ್ ತುಳು ಬಟ್ ಆಲ್ಸೋ ಕೊಂಕಣಿ' ಎಂದು ಬರೆದರೆ ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ಬರೀ ಭಾಷೆಯ ಹೆಸರು. ಮಾತಿನಲ್ಲಿ ಹೀಗೆ ನಡೆಯುತ್ತದೆ, ಬರಹದಲ್ಲಿ ಕುಂಟುತ್ತದೆ. 'ಹಿ ಸ್ಪೀಕ್ಸ್ ನಾಟ್ ಓನ್ಲಿ ತುಳು ಬಟ್ ಆಲ್ಸೋ ಕೊಂಕಣಿ' ಅಂದಾಗ ಎರಡೂ ಕಡೆ ಒಂದೇ ಜಾತಿಯ ಪದ.

ಮಕ್ಕಳಿಗೆ ಇದನ್ನು ಕನ್ನಡದಿಂದಲೇ ಹೇಳಿಕೊಡುತ್ತೇನೆ. 'ಅವನು ತುಳುವೂ ಮಾತಾಡುತ್ತಾನೆ, ಕೊಂಕಣಿಯೂ ಮಾತಾಡುತ್ತಾನೆ.' ಇಲ್ಲಿ 'ಊ' ಯಾವುದಕ್ಕೆ ಅಂಟಿತು? ತುಳುವಿಗೆ ಮತ್ತು ಕೊಂಕಣಿಗೆ, ಅಲ್ವಾ? ಹಾಗಾದರೆ ಇಂಗ್ಲಿಷ್ ಜೋಡಿಯನ್ನೂ ಆ ಎರಡು ಪದಗಳಿಗೆ ಮೊದಲೇ ಇಡಿ. 'ಹಾಡುವುದೂ ಉಂಟು, ಕುಣಿಯುವುದೂ ಉಂಟು' ಅನ್ನುವಾಗ 'ಊ' ಕೆಲಸಗಳಿಗೆ ಅಂಟಿದೆ. ಅದಕ್ಕೇ ಅಲ್ಲಿ 'ಶಿ ನಾಟ್ ಓನ್ಲಿ ಸಿಂಗ್ಸ್ ಬಟ್ ಆಲ್ಸೋ ಡಾನ್ಸಸ್' ಸರಿ. ವ್ಯಾಕರಣದ ದೊಡ್ಡ ಹೆಸರುಗಳೇನೂ ಬೇಕಾಗುವುದಿಲ್ಲ.

'ನೋ ಸೂನರ್' ಜೊತೆ 'ವೆನ್' ಹಾಕುವವರೂ ಬಹಳ. 'ಸೂನರ್' ಹೋಲಿಕೆಯ ಪದ, 'ಟಾಲರ್' ಇದ್ದ ಹಾಗೆ. ಆದ್ದರಿಂದ 'ದ್ಯಾನ್' ಬರಬೇಕು: 'ನೋ ಸೂನರ್ ಡಿಡ್ ದ ಬೆಲ್ ರಿಂಗ್ ದ್ಯಾನ್ ದ ಚಿಲ್ಡ್ರನ್ ರ್ಯಾನ್ ಔಟ್.' 'ಹಾರ್ಡ್ಲಿ' ಹೋಲಿಕೆಯದ್ದಲ್ಲ, ಅದಕ್ಕೆ 'ವೆನ್'.

ಇನ್ನು 'ಈದರ್', 'ನೀದರ್' ವಾಕ್ಯಗಳಲ್ಲಿ ಏಕವಚನವೋ ಬಹುವಚನವೋ ಅನ್ನುವ ಗೊಂದಲ. ಕ್ರಿಯಾಪದಕ್ಕೆ ಹತ್ತಿರದ ಹೆಸರನ್ನು ನೋಡಿ: 'ನೀದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ವರ್ ದೇರ್.' ಬಹುವಚನದ ಹೆಸರನ್ನು ಎರಡನೆಯದಾಗಿ ಇಡಿ ಅನ್ನುತ್ತೇನೆ. ಆಗ 'ವರ್' ಕಿವಿಗೂ ಒಗ್ಗುತ್ತದೆ.