ಚಾರ್ಜ್ 80ಕ್ಕೇ ನಿಂತರೆ
ಐಫೋನ್ ಚಾರ್ಜ್ 80%ಗೆ ನಿಂತ ಕೂಡಲೇ ಬ್ಯಾಟರಿ ಹೋಯ್ತು ಅಂತ ಗಾಬರಿ ಬೇಡ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ತೆರೆದು ಚಾರ್ಜಿಂಗ್ ಮಿತಿ ಆನ್ ಇದೆಯಾ ನೋಡಿ. ಐಫೋನ್ 15ರಿಂದ ಈಚೆಗಿನವುಗಳಲ್ಲಿ ಇದಿದೆ. ಐಫೋನ್ ಸಾಫ್ಟ್‌ವೇರ್ ಐಓಎಸ್ 18 ಬಂದಮೇಲೆ 80ರಿಂದ 100ರವರೆಗೆ ಐದೈದರಂತೆ ಆರಿಸಬಹುದು. ಮಿತಿ ಇಟ್ಟರೂ ಅಪರೂಪಕ್ಕೆ 100 ಮುಟ್ಟುತ್ತದೆ. ಅದು ದೋಷವಲ್ಲ, ಚಾರ್ಜ್ ಲೆಕ್ಕ ತಪ್ಪದಿರಲೆಂದು ಫೋನ್ ತಾನೇ ಮಾಡಿಕೊಳ್ಳೋದು.

ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲೇ ಕಾಣೋ 'ಗರಿಷ್ಠ ಸಾಮರ್ಥ್ಯ 87%' ಅನ್ನೋದು ಬೇರೆಯೇ: ಹೊಸದರಲ್ಲಿ ಹಿಡಿಯುತ್ತಿದ್ದ ಚಾರ್ಜ್‌ನಲ್ಲಿ ಈಗ ಉಳಿದಿರುವಷ್ಟು. ಮಿತಿ ಇಟ್ಟರೆ ಅದು ಮತ್ತೆ ಏರಲ್ಲ, ಇಳಿಯೋ ವೇಗ ತಗ್ಗುತ್ತದೆ ಅಷ್ಟೆ. ನೂರು ಕಂಡರೇ ನಮಗೆ ಸಮಾಧಾನ. ಫೋನಿನ ಲಿಥಿಯಂ ಬ್ಯಾಟರಿಗೆ ಅದೇ ಒತ್ತಡ, ಜೊತೆಗೆ ಬಿಸಿಯೂ ಸೇರಿದರೆ ಇನ್ನೂ ಬೇಗ ಸವೆಯುತ್ತದೆ. ಚಾರ್ಜಿಗೆ ಹಾಕಿದ ಫೋನನ್ನು ದಯವಿಟ್ಟು ದಿಂಬಿನಡಿ ಇಡಬೇಡಿ. ದೂರದ ಪ್ರಯಾಣವಿದ್ದ ದಿನ 100ಕ್ಕೆ ಬಿಟ್ಟರೆ ಏನೂ ತೊಂದರೆಯಿಲ್ಲ.